ಬಟ್ಟೆ ಒಣಗದ ಮನೆ

ಕೇಳುಗರಿಗೆ ನಮಸ್ಕಾರ.

ಮನೆ ಕಟ್ಟಿಸುವವರು ನನ್ನ ಹತ್ತಿರ ಬಂದರೆ ಮೊದಲು ಮೊಬೈಲು ತೆಗೆಯುತ್ತಾರೆ. "ಎಲಿವೇಶನ್ ಹೀಗೆ ಬೇಕು ಸರ್" ಎಂದು ಮನೆಯ ಮುಂಭಾಗದ ಒಂದು ಫೋಟೋ ತೋರಿಸುತ್ತಾರೆ. ಎಲ್ಲೋ ಮಳೆ ಕಾಣದ ಊರಿನ ಮನೆ ಅದು. ಸೂರಿಲ್ಲ, ಸನ್‌ಶೇಡ್ ಇಲ್ಲ, ಗೋಡೆ ತುಂಬ ಗಾಜು. ನಮ್ಮ ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತಲೂ ಜಾಸ್ತಿ ಮಳೆ ಬೀಳುತ್ತದೆ. ಬಿದ್ದ ನೀರು ಎಲ್ಲಿಗೂ ಹರಿಯದೆ ನಿಂತರೆ ಎರಡಾಳು ಮುಳುಗುವಷ್ಟು!

ಸುಮಾರು 15 ವರ್ಷದ ಹಿಂದೆ ಸಂತೆಕಟ್ಟೆ ಹತ್ತಿರ ಒಂದು ಮನೆಗೆ ನಕ್ಷೆ ಮಾಡಿದೆ. ಮಗ ಗಲ್ಫಿನಲ್ಲಿ. ರಜೆಗೆ ಬಂದವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಪಡುವಣ ದಿಕ್ಕಿಗೆ ರಸ್ತೆ, ಹಾಗಾಗಿ ಅಲ್ಲಿಗೇ ದೊಡ್ಡ ಬಾಲ್ಕನಿ, ಗಾಜಿನ ರೇಲಿಂಗ್. ಅವರ ಅಮ್ಮ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದರು. ಅವರು ಕೇಳಿದ್ದು ಒಂದೇ ಮಾತು: "ಬಟ್ಟೆ ಒಣಗಿಸಲಿಕ್ಕೆ ಜಾಗ ಉಂಟಲ್ವಾ ಮಗಾ?"

"ಬಾಲ್ಕನಿ ಉಂಟಲ್ಲ ಅಮ್ಮ" ಎಂದೆ.

ಮರುವರ್ಷ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ಆ ಮನೆಗೆ ಹೋದೆ. "ತಲೆ ಬಗ್ಗಿಸಿ ಬನ್ನಿ" ಎಂದರು ಅಮ್ಮ. ಹಾಲಿನ ಆ ಗೋಡೆಯಿಂದ ಈ ಗೋಡೆಗೆ ನೈಲಾನ್ ಹಗ್ಗ. ಮಗ ಕಳಿಸಿದ ಚಂದದ ದೀಪದ ಪಕ್ಕದಲ್ಲೇ ಒದ್ದೆ ಲುಂಗಿ, ಟವೆಲು. ಮನೆಯೆಲ್ಲ ಮುಗ್ಗಲು ವಾಸನೆ. ಬಾಲ್ಕನಿ ಬಾಗಿಲಿಗೆ ಗೋಣಿಚೀಲ ಒತ್ತಿಟ್ಟಿದ್ದರು. ನಮ್ಮ ಮಳೆ ನೇರ ಬೀಳುವುದಿಲ್ಲ, ನೈಋತ್ಯದ ಗಾಳಿ ಅದನ್ನು ಓರೆಯಾಗಿ ಪಡುವಣ ಗೋಡೆಗೇ ಎರಚುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಹುಟ್ಟಿದ್ದು ಇದೇ ಮಳೆಯಲ್ಲಿ.

ಕಾಂಕ್ರೀಟು ಗಟ್ಟಿ ಇತ್ತು. ಗೋಡೆ ತೂಗುಗುಂಡಿಗೆ ಸರಿ ಇತ್ತು. ಕೆಲಸದಲ್ಲಿ ಕುಂದಿಲ್ಲ, ಅಮ್ಮನ ಮಾತು ನಕ್ಷೆಗೆ ಇಳಿದಿರಲಿಲ್ಲ, ಅಷ್ಟೇ.

ಇದಕ್ಕೊಂದು ಉಪಾಯವನ್ನು ಜಪಾನಿನ ಗುಣಮಟ್ಟ ತಜ್ಞ ಯೋಜಿ ಅಕಾವೊ 1966ರಲ್ಲೇ ಯೋಚಿಸಿದ್ದರು. 1972ರಲ್ಲಿ ಕೋಬೆಯ ಮಿತ್ಸುಬಿಷಿ ಹಡಗುಕಟ್ಟೆಯಲ್ಲಿ ಅದು ಕೋಷ್ಟಕದ ರೂಪದಲ್ಲಿ ಬಳಕೆಗೆ ಬಂತು. ಕ್ವಾಲಿಟಿ ಫಂಕ್ಷನ್ ಡಿಪ್ಲಾಯ್‌ಮೆಂಟ್ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸಣ್ಣದು. ಕಾಗದದ ಎಡಗಡೆ ಮನೆಯವರ ಬೇಡಿಕೆ, ಅವರದೇ ಮಾತಿನಲ್ಲಿ. ಪಕ್ಕದಲ್ಲಿ ಅದು ಎಷ್ಟು ಮುಖ್ಯ ಎಂದು 1ರಿಂದ 5ರವರೆಗೆ ಅಂಕ. ಮೇಲ್ಗಡೆ ಸಾಲಾಗಿ ನಾವು ಅಳೆಯಬಹುದಾದ ಸಂಗತಿಗಳು. ಎರಡೂ ಸೇರುವ ಚೌಕದಲ್ಲಿ ಸಂಬಂಧ ಜೋರಿದ್ದರೆ 9, ಮಧ್ಯಮವಾದರೆ 3, ಅಲ್ಪಸ್ವಲ್ಪವಾದರೆ 1.

ಆ ಮನೆಗೇ ಲೆಕ್ಕ ಹಾಕೋಣ. ಬಟ್ಟೆ ಒಣಗಬೇಕು, ಅಮ್ಮನ ಅಂಕ 5. ಗೋಡೆಗೆ ಥಂಡಿ ಹಿಡಿಯಬಾರದು, 4. ಸೂರಿನ ಚಾಚು ಎರಡಕ್ಕೂ ಬೇಕೇ ಬೇಕು, ಅಂದರೆ 9. ಐದೊಂಬತ್ಲೆ 45, ನಾಲ್ಕೊಂಬತ್ಲೆ 36, ಒಟ್ಟು 81. ಗಾಜಿನ ರೇಲಿಂಗಿಗೆ ಮಗ ಪೂರ್ತಿ 5 ಕೊಟ್ಟರೂ ಸಿಗುವುದು ಐದೊಂಬತ್ಲೆ 45. ಈ ಅಂಕಗಳಲ್ಲಿ ದೊಡ್ಡ ವಿಜ್ಞಾನವೇನೂ ಇಲ್ಲ, ಅಂದಾಜೇ. ಆದರೆ ಅಮ್ಮ ಮಗ ಗೃಹಪ್ರವೇಶ ಆದ ಮೇಲೆ ಮಾಡುವ ಜಗಳವನ್ನು ಪಾಯ ತೋಡುವ ಮೊದಲೇ ಕಾಗದದ ಮುಂದೆ ಕೂತು ಮಾಡುತ್ತಾರೆ. ನನ್ನ ಮಟ್ಟಿಗೆ ಅದರ ಪೂರ್ತಿ ಬೆಲೆ ಅದೇ.

ಈ ಕೋಷ್ಟಕಕ್ಕೆ ಮೇಲೆ ಮಾಡಿನ ಹಾಗೆ ಒಂದು ತ್ರಿಕೋನವೂ ಇರುತ್ತದೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕೆಡುತ್ತದಾ ಎಂದು ನೋಡುವುದು ಅಲ್ಲಿ. ಸೂರು ಮುಂದೆ ಚಾಚಿದಷ್ಟೂ ಒಳಗೆ ಕತ್ತಲೆ. ನಮ್ಮ ಹಳೆಯ ಹಂಚಿನ ಮನೆಯವರು ಇದಕ್ಕೆ ನಡುವೆ ಎರಡು ಗಾಜಿನ ಹಂಚು ಹಾಕಿದ್ದರು, ಯಾವ ಕೋಷ್ಟಕವೂ ಇಲ್ಲದೆ.

ಇನ್ನು ಕೆಲವು ಬೇಡಿಕೆಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಕಬ್ಬಿಣದ ಮೇಲೆ ಎಷ್ಟು ದಪ್ಪ ಕಾಂಕ್ರೀಟು ಇರಬೇಕು?" ಎಂದು ನನ್ನನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ. ಮಲ್ಪೆ, ಉಳ್ಳಾಲದ ಕಡೆ ಉಪ್ಪುಗಾಳಿ. ಅದಕ್ಕೆ ಮೈಯೊಡ್ಡಿದ ಕಾಂಕ್ರೀಟಿಗೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಗಟ್ಟಿತನದಲ್ಲಿ ಕನಿಷ್ಠ ಎಂ 30 ದರ್ಜೆ, ಸರಳಿನ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ, ಅಂದರೆ ಕವರ್, ಬೇಕು. ಸೈಟಿನಲ್ಲಿ ಆಗುವುದೇನು? ಸರಳನ್ನು ಅಡಿಯ ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಸಾಕಾಗದಿದ್ದರೆ ಸರಳಿನ ಅಡಿಗೆ ಜಲ್ಲಿ ಚೂರು ಇಡುತ್ತಾರೆ. ಕಾಂಕ್ರೀಟು ಹೊತ್ತವರು ಮೇಲೆ ನಡೆದಾಡುವಾಗ ಅದು ಜಾರಿ, ಸರಳು ಹೋಗಿ ಹಲಗೆಗೆ ತಾಗುತ್ತದೆ. ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಕೆಲವು ವರ್ಷದ ನಂತರ ತುಕ್ಕು ಉಬ್ಬಿ ಸನ್‌ಶೇಡಿನ ಅಡಿ ಚಕ್ಕೆ ಏಳುತ್ತದೆ. ಹಾಗಾಗಿ ಈ ಸಾಲನ್ನು ಎಡಗಡೆ ನಾನೇ ಬರೆದು 5 ಅಂಕ ಕೊಡುತ್ತೇನೆ. ಕಾಂಕ್ರೀಟು ಹಾಕುವ ದಿನ ಬೆಳಿಗ್ಗೆ ಬಗ್ಗಿ ಕೂತು ಅಳೆಯುತ್ತೇನೆ. ಮೇಸ್ತ್ರಿಗೆ ಇಷ್ಟವಾಗುವುದಿಲ್ಲ.

ಮೇಸ್ತ್ರಿಗೆ ಕೋಷ್ಟಕ ತೋರಿಸಿ ಪ್ರಯೋಜನವೂ ಇಲ್ಲ. ಅವರಿಗೆ ಟೇಪಿನಲ್ಲಿ ಸಿಗುವ ಮಾತು ಬೇಕು. "ಮಳೆ ಒಳಗೆ ಬರಬಾರದು" ಎಂದರೆ ಸಾಲದು. ಸನ್‌ಶೇಡ್ 90 ಸೆಂಟಿಮೀಟರ್, ಅಂಚಿನ ಅಡಿಯಲ್ಲಿ ನೀರು ತೊಟ್ಟಿಕ್ಕಲು ಒಂದು ಗೀರು, ಎನ್ನಬೇಕು. ಬಚ್ಚಲು ಸೋರಬಾರದು ಎಂದರೆ, ಟೈಲ್ಸ್ ಹಾಕುವ ಮೊದಲು ಕೊಳವೆ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ ಕೆಳಗಿನಿಂದ ನೋಡುವುದು.

ಸಂತೆಕಟ್ಟೆಯ ಮನೆಗೆ ಆಮೇಲೆ ಮೂಡು ಬದಿಯಲ್ಲಿ ಒಂದು ಇಳಿಮಾಡು ಮಾಡಿಕೊಟ್ಟೆವು. ಅರ್ಧ ಎತ್ತರಕ್ಕೆ ಕೆಂಪುಕಲ್ಲು, ಮೇಲೆ ಗಾಳಿಯಾಡಲು ಮರದ ಪಟ್ಟಿಗಳ ಅಳಿ, ಹಂಚಿನ ಹೊದಿಕೆ. ನನ್ನ ಫೀಸು ತೆಗೆದುಕೊಳ್ಳಲಿಲ್ಲ. ಕಳೆದ ಆಟಿಯಲ್ಲಿ ಹೋದಾಗ ಹಾಲಿನಲ್ಲಿ ಹಗ್ಗ ಇರಲಿಲ್ಲ, ಮೊಳೆ ಮಾತ್ರ ಇತ್ತು. ಅಮ್ಮ ಚಾ ಕೊಟ್ಟರು. ಕೊಟ್ಟು, "ಹಪ್ಪಳ ಒಣಗಿಸಲಿಕ್ಕೆ ತಾರಸಿಗೆ ಹೋಗಬೇಕು. ಆ ಮೆಟ್ಟಿಲು ಅಷ್ಟು ನೆಟ್ಟಗೆ ಯಾಕೆ ಮಾಡಿದ್ದು ಮಗಾ?" ಎಂದರು.

ನಮಸ್ಕಾರ.