ಸಿಡಿಲಿನ ಸಿಳ್ಳೆ, ಮುಂಜಾವದ ಮೇಳ

ಕೇಳುಗರಿಗೆ ನಮಸ್ಕಾರ.

ಗುಡುಗು-ಮಿಂಚಿನ ಸಂಜೆ ಮೀಡಿಯಂ ವೇವ್ ರೇಡಿಯೋ ಹಚ್ಚಿದವರಿಗೆ ಗೊತ್ತು, ಎಲ್ಲೋ ದೂರದಲ್ಲಿ ಮಿಂಚು ಹೊಡೆದರೆ ಇಲ್ಲಿ ಸ್ಪೀಕರಿನಲ್ಲಿ 'ಚಟ್' ಅನ್ನುತ್ತದೆ. ಮಿಂಚೆಂದರೆ ರೇಡಿಯೋ ಅಲೆಗಳ ಸ್ಫೋಟವೂ ಹೌದು. ಆ ಅಲೆಗಳಲ್ಲಿ ಒಂದು ಪಾಲು ವಾತಾವರಣ ದಾಟಿ ಮೇಲೇರುತ್ತದೆ. ಭೂಮಿಯ ಕಾಂತರೇಖೆಗಳ ಜಾಡು ಹಿಡಿದು ಸಾವಿರಾರು ಕಿಲೋಮೀಟರ್ ಸಾಗಿ ಇನ್ನೊಂದು ಗೋಳಾರ್ಧದಲ್ಲಿ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಆ 'ಚಟ್' ಸಿಳ್ಳೆಯಾಗಿರುತ್ತದೆ. ಕೀಚಲು ಸ್ವರದಲ್ಲಿ ಶುರುವಾಗಿ, ಸುಮಾರು ಒಂದು ಸೆಕೆಂಡಿನಲ್ಲಿ ತಗ್ಗಿಗೆ ಜಾರುವ ಸಿಳ್ಳೆ.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಹೈನ್‌ರಿಶ್ ಬಾರ್ಕ್‌ಹೌಸನ್ ಶತ್ರುಗಳ ಟೆಲಿಫೋನ್ ಮಾತು ಕದ್ದು ಕೇಳುವ ಕೆಲಸದಲ್ಲಿದ್ದರು. ನೆಲಕ್ಕೆ ತಂತಿ ಇಳಿಸಿ, ಆಂಪ್ಲಿಫೈಯರ್ ಜೋಡಿಸಿ ಕಿವಿಗೊಟ್ಟರೆ ಮಾತಿನ ನಡುವೆ ಈ ಸಿಳ್ಳೆ. ಗ್ರೆನೇಡ್ ಹಾರುವ ಸದ್ದು ಕೇಳುತ್ತಿದೆ ಎಂದು ಮುಂಚೂಣಿಯ ಸೈನಿಕರು ಹೇಳಿಕೊಳ್ಳುತ್ತಿದ್ದರಂತೆ. ಬಾರ್ಕ್‌ಹೌಸನ್ 1919ರಲ್ಲಿ ಅದರ ಬಗ್ಗೆ ಬರೆದರು.

ಒಗಟು ಬಿಡಿಸಿದ್ದು ಕೇಂಬ್ರಿಜ್‌ನ ತರುಣ ಓವನ್ ಸ್ಟೋರಿ. ಅವರ ಪ್ರಬಂಧ ಹೊರಬಂದದ್ದು 1953ರಲ್ಲಿ. ಮೇಲಿರುವುದು ಪ್ಲಾಸ್ಮಾ, ಅಂದರೆ ಬಿಡಿ ಎಲೆಕ್ಟ್ರಾನುಗಳೂ ಅಯಾನುಗಳೂ ತುಂಬಿದ ಬಲು ತೆಳು ಅನಿಲ. ಅದರೊಳಗೆ ಈ ಅಲೆಗಳ ಪೈಕಿ ಹೆಚ್ಚು ಆವರ್ತನದವು, ಅಂದರೆ ಕೀಚಲು ಸ್ವರದವು, ಬೇಗ ಓಡುತ್ತವೆ, ಕಡಿಮೆಯವು ಹಿಂದುಳಿಯುತ್ತವೆ. ಗಂಟೆ ಹೊಡೆದೊಡನೆ ಶಾಲೆಯಿಂದ ಒಟ್ಟಿಗೇ ಹೊರಟ ಮಕ್ಕಳು ಊರು ಮುಟ್ಟುವಾಗ ಉದ್ದ ಸಾಲಾಗಿರುತ್ತಾರಲ್ಲ, ಹಾಗೆ. ದಾರಿ ಉದ್ದವಾದಷ್ಟೂ ಸಾಲು ಉದ್ದ.

ಸ್ಟೋರಿ ಗಮನಿಸಿದ್ದು ಇಷ್ಟು: ಮೊದಲು 'ಚಟ್' ಎಂದು ಆಮೇಲೆ ಬರುವ ಸಿಳ್ಳೆ, 'ಚಟ್' ಇಲ್ಲದೆ ಬರುವ ಸಿಳ್ಳೆಗಿಂತ ಎರಡರಷ್ಟು ಎಳೆದಿರುತ್ತದೆ. 'ಚಟ್' ಕೇಳಿತೆಂದರೆ ಮಿಂಚು ಹೊಡೆದದ್ದು ನಮ್ಮ ಕಡೆಯೇ. ಅಲೆ ಆಚೆ ಗೋಳಾರ್ಧಕ್ಕೆ ಹೋಗಿ ಮರಳಿದೆ. ಕೇಳದಿದ್ದರೆ ಮಿಂಚು ಆಚೆಯದು, ಅಲೆ ಒಂದೇ ಸಲ ದಾಟಿ ಬಂದಿದೆ. ಈ ಲೆಕ್ಕದಿಂದಲೇ, ಸಾವಿರಾರು ಕಿಲೋಮೀಟರ್ ಎತ್ತರದಲ್ಲೂ ಘನ ಸೆಂಟಿಮೀಟರಿಗೆ ನೂರಾರು ಎಲೆಕ್ಟ್ರಾನುಗಳಿವೆ ಎಂದು ಅವರು ತೋರಿಸಿಕೊಟ್ಟರು. ಸ್ಪುಟ್ನಿಕ್ ಹಾರುವುದಕ್ಕೆ ಇನ್ನೂ ನಾಲ್ಕು ವರ್ಷ ಇತ್ತು! ನೆಲದ ಮೇಲೆ ಕೂತು, ಬರೀ ಕೇಳಿ, ಅಂತರಿಕ್ಷವನ್ನು ಅಳೆದ ಈ ಕೆಲಸ ನನ್ನ ಮಟ್ಟಿಗೆ ಕಳೆದ ಶತಮಾನದ ಅತ್ಯಂತ ಸುಂದರ ತರ್ಕಗಳಲ್ಲಿ ಒಂದು.

ಮಿಂಚಿನ ಹಂಗಿಲ್ಲದೆ ಕಾಂತಗೋಳದೊಳಗೇ, ಅಂದರೆ ಭೂಮಿಯ ಕಾಂತಕ್ಷೇತ್ರದ ಹಿಡಿತವಿರುವ ಅಂತರಿಕ್ಷದಲ್ಲೇ, ಹುಟ್ಟುವ ಅಲೆಗಳೂ ಇವೆ. ಸೂರ್ಯನ ಕಡೆಯಿಂದ ಬಂದ ಹೊಡೆತಕ್ಕೆ ಆ ಕಾಂತಕ್ಷೇತ್ರ ಅಲ್ಲಾಡಿ ಕಾಂತ ಬಿರುಗಾಳಿ ಎದ್ದಾಗ ಭೂಮಿಯ ರಾತ್ರಿ ಮಗ್ಗುಲಿನಿಂದ ಒಳನುಗ್ಗಿದ ಎಲೆಕ್ಟ್ರಾನುಗಳು ಪೂರ್ವಕ್ಕೆ ಸರಿದು ಮುಂಜಾವದ ಕಡೆ ಬರುತ್ತವೆ. ಅಲ್ಲಿ ಹೊಮ್ಮುವ ಅಲೆಗಳನ್ನು ಸ್ಪೀಕರಿಗೆ ಹಾಕಿದರೆ ಚಿಲಿಪಿಲಿ, ಒಂದರ ಮೇಲೊಂದು ಏರುವ ಸ್ವರ. ವಿಜ್ಞಾನಿಗಳು ಇದಕ್ಕೆ ಕೋರಸ್ ಅನ್ನುತ್ತಾರೆ.

ಕಿವಿಗೆ ಇಂಪಾದರೂ ಇದರ ಕೆಲಸ ಜೋರು. 2012ರ ಆಗಸ್ಟಿನಲ್ಲಿ ನಾಸಾ ಹಾರಿಸಿದ ಅವಳಿ ವ್ಯಾನ್ ಆಲನ್ ಉಪಗ್ರಹಗಳು ಆ ಅಕ್ಟೋಬರಿನ ಕಾಂತ ಬಿರುಗಾಳಿಯನ್ನು ಒಳಗಿದ್ದೇ ಅಳೆದವು. ಎಲೆಕ್ಟ್ರಾನುಗಳಿಗೆ ಬೆಳಕಿನ ವೇಗದ ಸಮೀಪದ ಓಟ ಕೊಟ್ಟದ್ದು ಕೋರಸ್ ಅಲೆಗಳೇ ಎಂದು ವಿಜ್ಞಾನಿ ರಿಚರ್ಡ್ ಥಾರ್ನ್ ಮತ್ತು ಸಂಗಡಿಗರು ಮರುವರ್ಷ ವಿವರಿಸಿದರು. ಅದೇ ಅಲೆಗಳು ಇನ್ನಷ್ಟು ಎಲೆಕ್ಟ್ರಾನುಗಳನ್ನು ದಾರಿ ತಪ್ಪಿಸಿ ವಾತಾವರಣಕ್ಕೆ ಕೆಡವುತ್ತವೆ. ಧ್ರುವದ ಹತ್ತಿರ ಆಕಾಶದಲ್ಲಿ ಮಿಣುಕು ಮಿಣುಕಾಗಿ ಬಡಿಯುವ ಬೆಳಕು, ಅರೋರಾ, ಹುಟ್ಟುವುದು ಹೀಗೆ.

ನಮಗೇನು ಇದರಿಂದ? ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಇರುವುದು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯನ್ನು ಸುತ್ತುವರಿದ ಈ ವೇಗದ ಎಲೆಕ್ಟ್ರಾನುಗಳ ಹೊರಪಟ್ಟಿಯಲ್ಲೇ. ಈ ಎಲೆಕ್ಟ್ರಾನುಗಳು ಉಪಗ್ರಹದ ಒಳಗೆ ಹೊಕ್ಕು ವಿದ್ಯುದಂಶ ಕೂಡಿಹಾಕಿ ಕೊನೆಗೆ ಕಿಡಿ ಹಾರಿಸಬಲ್ಲವು. 1994ರ ಜನವರಿಯಲ್ಲಿ ಕೆನಡಾದ ಅನಿಕ್ ಇ-1, ಇ-2 ಉಪಗ್ರಹಗಳು ಒಂದೇ ದಿನ ಹತೋಟಿ ತಪ್ಪಿದ್ದು ಹೀಗೆಯೇ. ಒಂದನ್ನು ಕೆಲವೇ ಗಂಟೆಗಳಲ್ಲಿ ಸರಿಪಡಿಸಿದರು, ಇನ್ನೊಂದಕ್ಕೆ ತಿಂಗಳುಗಳೇ ಹಿಡಿದವು.

ಕಾಂತರೇಖೆಗಳು ನೆಲಕ್ಕೆ ಸಮಾಂತರವಾಗಿ ಹಾಯುವ ಕಾಂತ ಸಮಭಾಜಕದ ಹತ್ತಿರವಿರುವ ಕರ್ನಾಟಕದಲ್ಲಿ ನೆಲದಿಂದ ಈ ಸಿಳ್ಳೆ ಹಿಡಿಯುವುದು ಕಷ್ಟ. ಉತ್ತರದ ವಾರಾಣಸಿ, ನೈನಿತಾಲ್, ಗುಲ್ಮಾರ್ಗ್‌ಗಳಲ್ಲಿ ದಾಖಲಾಗಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಉಪಗ್ರಹಗಳು ಹಿಡಿದದ್ದನ್ನು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಮಕ್ಕಳಿಗೂ ಕೇಳಿಸಿ. ನಮಸ್ಕಾರ.