ಆಟಗಾರರ ಹೆಸರು, ಆಟಗಾರರ ಹಕ್ಕು

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ನೆಲೆಸಿ ಇವತ್ತು ಇಲ್ಲಿ ಕೂತಿರುವ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಜನ ಶನಿವಾರ ಬೆಳಗಾದರೆ ಮಕ್ಕಳನ್ನು ಟೆನಿಸ್‌ಗೋ ಈಜಿಗೋ ಕರೆದುಕೊಂಡು ಹೋಗುವವರು. ಹಾಗಾಗಿ ಇವತ್ತಿನ ವಿಷಯ ನಿಮಗೆ ದೂರದ್ದೇನಲ್ಲ. ಅಮೆರಿಕದ ಕಾಲೇಜಿಗೆ ಆಡುವ ಹುಡುಗ ಹುಡುಗಿಯರು ತಮ್ಮ ಹೆಸರು, ಫೋಟೊ, ಸಹಿಯಿಂದ ದುಡ್ಡು ಸಂಪಾದಿಸಬಹುದಾ? 2021ರ ಜುಲೈ 1ರಿಂದ ಸಂಪಾದಿಸಬಹುದು. ಆದರೆ ಅದು ಸರಿಯಾ ಅನ್ನುವ ಜಗಳ ಇನ್ನೂ ನಿಂತಿಲ್ಲ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಖಂಡಿತ ಸರಿ. ಹೆಸರೂ ಮುಖವೂ ಮೊದಲಿಂದಲೂ ಅವರದ್ದೇ. ಈಗ ಕಾಣುವ ಗೊಂದಲ ಹುಟ್ಟಿರುವುದು ಬೇರೆ ಕಡೆಯಿಂದ, ಅದನ್ನೂ ಹೇಳುತ್ತೇನೆ.

ಮೊದಲು ಈ ವ್ಯವಹಾರ ಎಷ್ಟು ದೊಡ್ಡದು ನೋಡಿ. ಮಾರ್ಚ್ ತಿಂಗಳಲ್ಲಿ ನಡೆಯುವ ಗಂಡು ಮಕ್ಕಳ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಟಿವಿ ಹಕ್ಕನ್ನು 2032ರವರೆಗೆ ವಿಸ್ತರಿಸಲು ಟಿವಿ ಕಂಪನಿಗಳಾದ ಸಿಬಿಎಸ್ ಮತ್ತು ಟರ್ನರ್ 2016ರಲ್ಲಿ ಒಪ್ಪಿಕೊಂಡ ಮೊತ್ತ 880 ಕೋಟಿ ಡಾಲರ್. ಅಲಬಾಮಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕೋಚ್ ನಿಕ್ ಸೇಬನ್ ಅವರಿಗೆ ಕೊನೆಯ ವರ್ಷಗಳಲ್ಲಿ ಬರುತ್ತಿದ್ದ ಸಂಬಳ ವರ್ಷಕ್ಕೆ ಒಂದು ಕೋಟಿ ಡಾಲರ್‌ಗೂ ಜಾಸ್ತಿ. ಮೈದಾನ ತುಂಬುತ್ತಿತ್ತು, ಟೀ ಶರ್ಟ್ ಮಾರಾಟವಾಗುತ್ತಿತ್ತು, ಬೂಟಿನ ಕಂಪನಿಗಳು ಕಾಲೇಜಿಗೆ ಚೆಕ್ ಬರೆಯುತ್ತಿದ್ದವು. ಆಡುವ ಹುಡುಗ ಮಾತ್ರ ಒಂದು ಸಹಿಗೆ ಹತ್ತು ಡಾಲರ್ ತೆಗೆದುಕೊಂಡರೂ ಅದು ತಪ್ಪು. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮ ಹಾಗಿತ್ತು.

ಎಡ್ ಓಬ್ಯಾನನ್ ಅವರ ಕಥೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1995ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದಾಗ ಆ ಪಂದ್ಯಾವಳಿಯ ಅತ್ಯುತ್ತಮ ಆಟಗಾರ ಇವರೇ. ವೃತ್ತಿಪರ ಆಟ ಹೆಚ್ಚು ವರ್ಷ ನಡೆಯಲಿಲ್ಲ. ಮುಂದೆ ಲಾಸ್ ವೇಗಸ್ ಹತ್ತಿರ ಕಾರು ಮಾರುವ ಕಡೆ ಕೆಲಸಕ್ಕೆ ಸೇರಿದರು. ಒಂದು ದಿನ ಪರಿಚಯದವರ ಮನೆಯಲ್ಲಿ ವಿಡಿಯೊ ಗೇಮ್ ನೋಡಿದರು. ಪರದೆಯ ಮೇಲೆ 1995ರ ಯುಸಿಎಲ್‌ಎ ತಂಡ. ಅದರಲ್ಲೊಬ್ಬ ಆಟಗಾರನಿಗೆ 31ನೇ ನಂಬರ್ ಜರ್ಸಿ, ಬೋಳು ತಲೆ, ಎಡಗೈ ಆಟ. ಹೆಸರೊಂದು ಬರೆದಿರಲಿಲ್ಲ, ಅಷ್ಟೇ. ಆಟ ಬಿಟ್ಟು ವರ್ಷಗಳಾಗಿದ್ದವು, ಆದರೂ ಅವರನ್ನು ಯಾರೋ ಮಾರುತ್ತಿದ್ದರು. ಅವರನ್ನು ಒಂದು ಮಾತು ಕೇಳಿದವರಿಲ್ಲ, ಒಂದು ಡಾಲರ್ ಕೊಟ್ಟವರಿಲ್ಲ.

2009ರಲ್ಲಿ ಅವರು ಕೇಸ್ ಹಾಕಿದರು. 2014ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಎನ್‌ಸಿಎಎ ನಿಯಮಗಳು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟರು. ಆ ಹೊತ್ತಿಗೆ ಗೇಮ್ ಕಂಪನಿ ಕಾಲೇಜು ಆಟಗಳನ್ನು ತರುವುದನ್ನೇ ನಿಲ್ಲಿಸಿತ್ತು. ಹತ್ತು ವರ್ಷ ಬಿಟ್ಟು 2024ರಲ್ಲಿ ಕಾಲೇಜು ಫುಟ್‌ಬಾಲ್ ಗೇಮ್ ಮತ್ತೆ ಬಂತು. ಈ ಸಲ ಒಬ್ಬೊಬ್ಬ ಆಟಗಾರನನ್ನೂ ಕೇಳಿ, ಒಪ್ಪಿದವರಿಗೆ 600 ಡಾಲರ್ ಕೊಟ್ಟು, ಅವರ ಹೆಸರನ್ನೇ ಹಾಕಿದರು. ಸಾವಿರಾರು ಆಟಗಾರರು ಒಪ್ಪಿದರು. ಮೊತ್ತ ದೊಡ್ಡದಲ್ಲ. ಆದರೆ ಕೇಳಿದರು ನೋಡಿ, ನನಗೆ ಮುಖ್ಯ ಅದು.

ಹಳೆಯ ನಿಯಮ ಎಷ್ಟು ಕಟುವಾಗಿತ್ತು ಅನ್ನುವುದಕ್ಕೆ ಇನ್ನೆರಡು ಉದಾಹರಣೆ. 2010ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರ ಎ.ಜೆ. ಗ್ರೀನ್ ತಾನು ಹಾಕಿಕೊಂಡು ಆಡಿದ ಜರ್ಸಿಯನ್ನು ಸಾವಿರ ಡಾಲರ್‌ಗೆ ಮಾರಿದರು. ಅದಕ್ಕೆ ಎನ್‌ಸಿಎಎ ಅವರನ್ನು ನಾಲ್ಕು ಪಂದ್ಯ ಆಡದಂತೆ ತಡೆಯಿತು. ಅದೇ ಸಮಯದಲ್ಲಿ ಅವರ 8ನೇ ನಂಬರಿನ ಜರ್ಸಿ ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿತ್ತು. ಇನ್ನೊಬ್ಬರು ಡೊನಾಲ್ಡ್ ಡೆ ಲಾ ಹೇ, ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದವರು. ಯೂಟ್ಯೂಬ್‌ನಲ್ಲಿ ವಿಡಿಯೊ ಮಾಡುತ್ತಿದ್ದರು, ಅದರಿಂದ ಜಾಹೀರಾತಿನ ದುಡ್ಡು ಬರುತ್ತಿತ್ತು. ತಾನು ಆಟಗಾರ ಅನ್ನುವುದನ್ನು ತೋರಿಸುವ ವಿಡಿಯೊಗಳಿಂದ ಸಂಪಾದಿಸಬಾರದು ಎಂದು ಎನ್‌ಸಿಎಎ ಷರತ್ತು ಹಾಕಿತು. ಅವರು ಒಪ್ಪಲಿಲ್ಲ. 2017ರಲ್ಲಿ ತಂಡದಲ್ಲಿ ಜಾಗವೂ ಹೋಯಿತು, ಸ್ಕಾಲರ್‌ಶಿಪ್ಪೂ ಹೋಯಿತು.

ಅದೇ ಕ್ಯಾಂಪಸ್ಸಿನಲ್ಲಿ ಸಂಗೀತ ಓದುವ ಹುಡುಗಿ ಸ್ಕಾಲರ್‌ಶಿಪ್ ಇದ್ದರೂ ಊರಲ್ಲಿ ಕಛೇರಿ ಮಾಡಿ ದುಡ್ಡು ತೆಗೆದುಕೊಳ್ಳಬಹುದು. ಕಂಪ್ಯೂಟರ್ ಓದುವ ಹುಡುಗ ಆ್ಯಪ್ ಮಾಡಿ ಮಾರಬಹುದು. ಯಾರೂ ಅವರನ್ನು ಕ್ಲಾಸಿನಿಂದ ಹೊರಗೆ ಹಾಕುವುದಿಲ್ಲ. ಆಟಗಾರರಿಗೆ ಮಾತ್ರ ಯಾಕೆ ಬೇರೆ ನಿಯಮ? ಈ ಪ್ರಶ್ನೆಗೆ ನನಗೆ ಒಪ್ಪುವಂಥ ಉತ್ತರ ಯಾರೂ ಕೊಟ್ಟಿಲ್ಲ.

‘ಫೀಸು, ಹಾಸ್ಟೆಲ್ಲು ಎಲ್ಲ ಬಿಟ್ಟಿ ಸಿಗುತ್ತಲ್ವಾ, ಇನ್ನೇನು ಬೇಕು’ ಅನ್ನುವವರಿದ್ದಾರೆ. ಎಲ್ಲರಿಗೂ ಪೂರ್ತಿ ಸ್ಕಾಲರ್‌ಶಿಪ್ ಸಿಗುವುದಿಲ್ಲ, ಅದಿರಲಿ. 2014ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡವನ್ನು ಗೆಲ್ಲಿಸಿದ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದುಕೊಂಡೇ ಮಲಗುತ್ತೇನೆ ಎಂದು ಪತ್ರಕರ್ತರ ಮುಂದೆ ಹೇಳಿದ್ದರು. ಅದೇ ತಿಂಗಳು ಎನ್‌ಸಿಎಎ ಊಟದ ಮಿತಿಯನ್ನು ತೆಗೆದುಹಾಕಿತು. ದೇಶದ ಚಾಂಪಿಯನ್ ಹೊಟ್ಟೆ ತುಂಬ ಊಟಕ್ಕಾಗಿ ಟಿವಿಯಲ್ಲಿ ಮಾತಾಡಬೇಕಾಯಿತು.

ಕಾನೂನು ಬದಲಾಗಿದ್ದು ರಾಜ್ಯಗಳಿಂದ. 2019ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಮೊದಲು ಕಾನೂನು ಮಾಡಿತು, ಬೇರೆ ರಾಜ್ಯಗಳೂ ಹಿಂದೆ ಬಂದವು. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಆ ಕೇಸು ಓದಿಗೆ ಸಂಬಂಧಪಟ್ಟ ಸವಲತ್ತುಗಳದ್ದು, ಜಾಹೀರಾತಿನದ್ದಲ್ಲ. ಆದರೂ ಗಾಳಿ ಯಾವ ಕಡೆ ಅಂತ ಸಂಸ್ಥೆಗೆ ಗೊತ್ತಾಯಿತು. ಜುಲೈ 1ಕ್ಕೆ ಬಾಗಿಲು ತೆರೆಯಿತು.

ಇದರಿಂದ ಹೆಣ್ಣು ಮಕ್ಕಳಿಗೆ ಏನಾಯಿತು ನೋಡಿ. ಅಯೋವಾದ ಬಾಸ್ಕೆಟ್‌ಬಾಲ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಕಾಲೇಜಿನಲ್ಲಿದ್ದಾಗಲೇ ನೈಕಿ, ಗೇಟರೇಡ್, ಸ್ಟೇಟ್ ಫಾರ್ಮ್ ಜಾಹೀರಾತುಗಳಲ್ಲಿ ಬಂದರು. 2024ರಲ್ಲಿ ಮಹಿಳೆಯರ ವೃತ್ತಿಪರ ಲೀಗಿಗೆ ಮೊದಲ ಆಯ್ಕೆಯಾಗಿ ಹೋದಾಗ ಅವರ ಮೊದಲ ವರ್ಷದ ಸಂಬಳ 76,535 ಡಾಲರ್. ಅಂದರೆ ಅಷ್ಟು ದೊಡ್ಡ ಆಟಗಾರ್ತಿಗೂ ಲೀಗಿನ ಸಂಬಳವನ್ನೇ ನಂಬಿ ಕೂರುವ ಹಾಗಿರಲಿಲ್ಲ. ಜಿಮ್ನಾಸ್ಟಿಕ್ಸ್‌ನವರಿಗೆ ಕಾಲೇಜು ಮುಗಿದ ಮೇಲೆ ಹೋಗಲು ಅಂಥ ಲೀಗೇ ಇಲ್ಲ. ಬಹುಪಾಲು ಆಟಗಾರರ ಪರಿಸ್ಥಿತಿ ಇದೇ. ಜನ ಅವರ ಮುಖ ಗುರುತು ಹಿಡಿಯುವುದು ಆ ನಾಲ್ಕು ವರ್ಷ ಮಾತ್ರ. ಆ ನಾಲ್ಕು ವರ್ಷಕ್ಕೇ ಬೀಗ ಹಾಕಿದರೆ ಆಮೇಲೆ ಬೀಗ ತೆಗೆದು ಏನು ಪ್ರಯೋಜನ?

ಈಗ ಗೊಂದಲದ ವಿಷಯ. ಕಾಲೇಜಿನ ಶ್ರೀಮಂತ ಅಭಿಮಾನಿಗಳು ಸೇರಿ ‘ಕಲೆಕ್ಟಿವ್’ ಅನ್ನುವ ಗುಂಪುಗಳನ್ನು ಕಟ್ಟಿದರು. ಹೆಸರಿಗೆ ಜಾಹೀರಾತಿನ ಒಪ್ಪಂದ, ನಿಜವಾಗಿ ‘ನಮ್ಮ ತಂಡಕ್ಕೆ ಬಾ’ ಅಂತ ಕೊಡುವ ದುಡ್ಡು. ಇನ್ನೊಂದು ತಂಡ ಜಾಸ್ತಿ ಕೊಟ್ಟರೆ ಹುಡುಗ ಅಲ್ಲಿಗೆ. 2024ರಲ್ಲಿ ನೆವಾಡಾದ ಯುಎನ್‌ಎಲ್‌ವಿ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ಮುನ್ನಡೆಸುವ ಆಟಗಾರ, ಮ್ಯಾಥ್ಯೂ ಸ್ಲೂಕಾ ಮೂರು ಪಂದ್ಯ ಗೆದ್ದು ನಾಲ್ಕನೆಯದಕ್ಕೆ ಮೊದಲೇ ತಂಡ ಬಿಟ್ಟರು. ಬಾಯಿ ಮಾತಲ್ಲಿ ಒಪ್ಪಿದ್ದ ಲಕ್ಷ ಡಾಲರ್ ಕೊಡಲಿಲ್ಲ ಅನ್ನುವುದು ಅವರ ಕಡೆಯವರ ದೂರು. ಹಾಗೇನೂ ಒಪ್ಪಿರಲಿಲ್ಲ ಅನ್ನುವುದು ಎದುರು ಕಡೆಯ ಮಾತು. ಕಾಗದದಲ್ಲಿ ಏನೂ ಇಲ್ಲದಿದ್ದರೆ ಹೀಗೇ ಆಗುತ್ತದೆ.

ಇದನ್ನು ತೋರಿಸಿ ‘ನೋಡಿ, ಹಕ್ಕು ಕೊಟ್ಟಿದ್ದೇ ತಪ್ಪಾಯ್ತು’ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ಹುಡುಗರಿಗೆ ಕೊಡುತ್ತಿದ್ದದ್ದು ಆಡುವುದಕ್ಕೆ, ಅಂದರೆ ಸಂಬಳ. ಸಂಬಳ ಅಂತ ಕರೆಯಲು ಕಾಲೇಜುಗಳು ಎಪ್ಪತ್ತು ವರ್ಷದಿಂದ ಹಿಂದೇಟು ಹಾಕುತ್ತಿವೆ. 1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಹೆಂಡತಿ ಕಾರ್ಮಿಕರ ಪರಿಹಾರ ಕೇಳಿದರು. ಆತ ಕಾಲೇಜಿನ ಕೆಲಸಗಾರನಲ್ಲ ಎಂದು 1957ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಪರಿಹಾರ ನಿರಾಕರಿಸಿತು. ಅಂದಿನಿಂದ ಮುಚ್ಚಿಟ್ಟ ಪ್ರಶ್ನೆ ಈಗ ಜಾಹೀರಾತಿನ ಬಾಗಿಲಿನಿಂದ ಒಳಗೆ ಬಂದಿದೆ.

2025ರ ಜೂನ್‌ನಲ್ಲಿ ಅದೇ ನ್ಯಾಯಾಧೀಶೆ ವಿಲ್ಕೆನ್, ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ‘ಹೌಸ್’ ಕೇಸಿನ ರಾಜಿಗೆ ಒಪ್ಪಿಗೆ ಕೊಟ್ಟರು. ಹಿಂದಿನ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್. ಇನ್ನು ಮುಂದೆ ಕಾಲೇಜುಗಳು ತಾವೇ ಆಟಗಾರರಿಗೆ ದುಡ್ಡು ಕೊಡಬಹುದು, ಮೊದಲ ವರ್ಷದ ಮಿತಿ ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಇದು ಸರಿಯಾದ ದಿಕ್ಕು. ಆಡಿದ್ದಕ್ಕೆ ಕಾಲೇಜು ಕೊಡಲಿ, ಮುಖಕ್ಕೆ ಜಾಹೀರಾತಿನವರು ಕೊಡಲಿ, ಎರಡಕ್ಕೂ ಬೇರೆ ಬೇರೆ ಲೆಕ್ಕ ಇರಲಿ. ಹಿಂದಿನ ಪರಿಹಾರದ ಬಹುಪಾಲು ಫುಟ್‌ಬಾಲ್ ಮತ್ತು ಗಂಡು ಮಕ್ಕಳ ಬಾಸ್ಕೆಟ್‌ಬಾಲಿಗೆ ಹೋಗುತ್ತಿದೆ ಎಂದು ಹಲವು ಆಟಗಾರ್ತಿಯರು ಮೇಲ್ಮನವಿ ಹಾಕಿದ್ದಾರೆ. ಅವರ ಕೋಪ ನ್ಯಾಯವಾದದ್ದು.

ಕೊನೆಗೆ ನಮ್ಮ ಮನೆಗಳ ವಿಷಯ. ನಿಮ್ಮ ಮಗಳು ಎರಡು ವರ್ಷದವಳಿದ್ದಾಗ ಬೆಂಗಳೂರಿನಿಂದ ಬಂದಳು, ಇಲ್ಲೇ ಬೆಳೆದಳು, ಚೆನ್ನಾಗಿ ಟೆನಿಸ್ ಆಡುತ್ತಾಳೆ ಅಂತ ಇಟ್ಟುಕೊಳ್ಳಿ. ನಿಮ್ಮ ಗ್ರೀನ್ ಕಾರ್ಡ್ ಇನ್ನೂ ಸರದಿಯಲ್ಲಿದೆ. ಅವಳು ಎಚ್-4 ವೀಸಾದಲ್ಲಿ, ಅಂದರೆ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿ, ಇದ್ದರೆ ಕೆಲಸ ಮಾಡುವಂತಿಲ್ಲ. 21 ತುಂಬಿದ ಮೇಲೆ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾದರೂ ಕ್ಯಾಂಪಸ್ಸಿನ ಹೊರಗೆ ಇಷ್ಟ ಬಂದಂತೆ ದುಡಿಯುವಂತಿಲ್ಲ. ಜೊತೆಗೆ ಡಬಲ್ಸ್ ಆಡುವ ಹುಡುಗಿ ರ‍್ಯಾಕೆಟ್ ಕಂಪನಿಗೆ ವಿಡಿಯೊ ಮಾಡಿಕೊಟ್ಟು ದುಡ್ಡು ತೆಗೆದುಕೊಳ್ಳಬಹುದು, ನಿಮ್ಮ ಮಗಳು ಹಾಗೆ ಮಾಡಿದರೆ ವೀಸಾಕ್ಕೇ ಕುತ್ತು. 2022ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಬಾಸ್ಕೆಟ್‌ಬಾಲ್ ಆಟಗಾರ ಎನಿಸಿಕೊಂಡ ಕೆಂಟಕಿಯ ಆಸ್ಕರ್ ಶೀಬ್ವೆ ಕಾಂಗೊ ದೇಶದವರು. ಅವರು ತಂಡ ಬಹಾಮಾಸ್‌ಗೆ ಹೋಗುವವರೆಗೆ ಕಾದು, ಜಾಹೀರಾತಿನ ಕೆಲಸವನ್ನು ಅಲ್ಲಿ ಮಾಡಿದರು. ಆಟ ಅಮೆರಿಕಕ್ಕೆ, ಜಾಹೀರಾತಿಗೆ ಬೇರೆ ದೇಶದ ನೆಲ. ಇದು ಅನ್ಯಾಯ.

ಹಾಗಾಗಿ ಮಕ್ಕಳು ಯಾವುದಕ್ಕೂ ಸಹಿ ಹಾಕುವ ಮೊದಲು ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿನಲ್ಲಿ ವಿಚಾರಿಸಿ, ವಲಸೆ ವಕೀಲರಿಗೂ ತೋರಿಸಿ. ‘ಪರವಾಗಿಲ್ಲ, ಎಲ್ಲರೂ ಮಾಡ್ತಾರೆ’ ಅನ್ನುವ ಏಜೆಂಟರ ಮಾತು ನಂಬಬೇಡಿ. ನಾಗರಿಕರಾಗಿದ್ದರೂ ಈ ದುಡ್ಡಿಗೆ ತೆರಿಗೆ ಇದೆ, ಅದಕ್ಕೊಂದು ಪಾಲು ತೆಗೆದಿಡಿ. ಒಪ್ಪಂದ ಎಷ್ಟು ವರ್ಷದ್ದು, ಕಾಲೇಜು ಮುಗಿದ ಮೇಲೂ ಫೋಟೊ ಬಳಸುತ್ತಾರಾ, ಆ ಸಾಲುಗಳನ್ನು ಎರಡು ಸಲ ಓದಿ.

ಇನ್ನೊಂದು ಕೆಲಸ ಇದೆ. ಕಾಲೇಜು ಕ್ರೀಡೆಗೆ ದೇಶಕ್ಕೆಲ್ಲ ಒಂದೇ ಕಾನೂನು ತರಬೇಕು ಅನ್ನುವ ಚರ್ಚೆ ವಾಷಿಂಗ್ಟನ್‌ನಲ್ಲಿ ನಡೆಯುತ್ತಿದೆ. ಅದರಲ್ಲಿ ವೀಸಾದ ಮಕ್ಕಳ ಮಾತೂ ಸೇರಬೇಕು. ನಿಮ್ಮಲ್ಲಿ ವೋಟು ಇರುವವರು ನಿಮ್ಮ ಪ್ರತಿನಿಧಿಗೆ ಬರೆಯಿರಿ, ವೋಟು ಇಲ್ಲದವರ ಪರವಾಗಿಯೂ ಬರೆಯಿರಿ. ಪತ್ರದ ಕರಡು ಸಿದ್ಧ ಮಾಡಲು ನಾನು ಕೂರುತ್ತೇನೆ, ಜೊತೆಗೆ ಬರುವವರು ಊಟದ ಹೊತ್ತಿಗೆ ನನ್ನ ಹತ್ತಿರ ಹೆಸರು ಕೊಡಿ.

ಈಗ ಪ್ರಶ್ನೆಗಳಿದ್ದರೆ ಕೇಳಿ.