ಕುಡಿತ ಬಿಡಲು ಬೆಂಬಲ ಗುಂಪು: ಹುಡುಕುವುದು ಹೇಗೆ, ಮೊದಲ ಮೀಟಿಂಗ್‌ನಲ್ಲಿ ಏನಾಗುತ್ತದೆ?

[ತೆರೆಯ ಮೇಲೆ: ಮೊದಲು ಡಾಕ್ಟರ್]

ನಮಸ್ಕಾರ. ಮೀಟಿಂಗ್ ಎಲ್ಲಿ ನಡೆಯುತ್ತೆ ಅಂತ ಹುಡುಕುವುದಕ್ಕೂ ಮುಂಚೆ ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸುವುದು ಅಪಾಯ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ವಾಕರಿಕೆ ಶುರುವಾಗಬಹುದು. ಮೊದಲ 48 ಗಂಟೆಯಲ್ಲಿ ಕೆಲವರಿಗೆ ಫಿಟ್ಸ್ ಬರುತ್ತೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಜ್ವರ, ತೀವ್ರ ಗೊಂದಲ, ಇಲ್ಲದ್ದು ಕಾಣಿಸುವುದು ಶುರುವಾದರೆ ಪ್ರಾಣಕ್ಕೇ ಕುತ್ತು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬೆಳಿಗ್ಗೆ ನಡುಕ ನಿಲ್ಲಿಸಲಿಕ್ಕೇ ಕುಡಿಯಬೇಕಾಗಿದೆ, ಅಥವಾ ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತು ಅಂದರೆ, ಮೊದಲು ಡಾಕ್ಟರನ್ನು ನೋಡಿ. ಮೀಟಿಂಗ್ ಚಿಕಿತ್ಸೆಯ ಜಾಗ ಅಲ್ಲ.

[ತೆರೆಯ ಮೇಲೆ: ಯಾವ ಗುಂಪು?]

ಹೆಚ್ಚು ಕಡೆ ಸಿಗುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಬಿಲ್ ವಿಲ್ಸನ್ ಮತ್ತು ಸರ್ಜನ್ ಬಾಬ್ ಸ್ಮಿತ್ ಶುರು ಮಾಡಿದ್ದು. ಇಬ್ಬರೂ ಕುಡಿತದಿಂದ ನರಳಿದವರೇ. ಸೇರಲು ಬೇಕಾಗಿರುವುದು ಕುಡಿತ ಬಿಡಬೇಕೆಂಬ ಆಸೆ ಮಾತ್ರ. ಶುಲ್ಕ ಇಲ್ಲ. ಕಾಣಿಕೆಗೆ ಚೀಲವೋ ಡಬ್ಬಿಯೋ ಸುತ್ತು ಬರುತ್ತೆ, ಹೊಸಬರು ಏನೂ ಹಾಕಬೇಕಾಗಿಲ್ಲ. ಕುಡಿತ ಬಿಡಲು ಎಎ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತೆ. ಅದನ್ನು ಅವರವರು ಅರ್ಥ ಮಾಡಿಕೊಂಡ ಹಾಗೆ ತೆಗೆದುಕೊಳ್ಳಬಹುದು. ಅದೂ ಒಗ್ಗದಿದ್ದರೆ ಸ್ಮಾರ್ಟ್ ರಿಕವರಿ ಇದೆ. ಅಲ್ಲಿ ದೇವರ ವಿಷಯ ಬರಲ್ಲ, ಕುಡಿಯಬೇಕು ಅನ್ನಿಸಿದಾಗ ಯೋಚನೆಯನ್ನೂ ನಡವಳಿಕೆಯನ್ನೂ ಬದಲಿಸುವ ಅಭ್ಯಾಸಗಳ ಮೇಲೇ ಒತ್ತು.

ಎಎ ಹೆಲ್ಪ್‌ಲೈನ್ ಅಥವಾ ವೆಬ್‌ಸೈಟಿನಲ್ಲಿ ಮೀಟಿಂಗ್‌ಗಳ ಪಟ್ಟಿ ಸಿಗುತ್ತೆ. ಆದರೆ ಪಟ್ಟಿ ಹಳೆಯದಾಗಿರಬಹುದು. ಹುಡುಕಿಕೊಂಡು ಹೋದವರು ಬೀಗ ನೋಡಿ ವಾಪಸ್ ಬಂದರೆ, ಮತ್ತೆ ಹೊರಡಲು ಮನಸ್ಸೇ ಬರಲ್ಲ. ಅದಕ್ಕೇ ಫೋನ್ ಮಾಡಿ ಕೇಳಿ: ಇವತ್ತು ಇದೆಯಾ? ಯಾವ ಭಾಷೆಯಲ್ಲಿ? ಓಪನ್ ಮೀಟಿಂಗೋ, ಕ್ಲೋಸ್ಡ್ ಮೀಟಿಂಗೋ? ಓಪನ್ ಮೀಟಿಂಗ್‌ಗೆ ಮನೆಯವರೂ ಬರಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಹೊರಗೆ ಹೋಗಲು ಮುಜುಗರ ಆದರೆ ಆನ್‌ಲೈನ್ ಮೀಟಿಂಗ್‌ನಿಂದಲೇ ಶುರು ಮಾಡಿ. ಮನೆಯವರಿಗಂತಲೇ ಅಲ್-ಅನಾನ್ ಅನ್ನೋ ಬೇರೆ ಗುಂಪಿದೆ. ಕುಡಿಯುವವರು ಬಿಡಲಿ ಬಿಡದಿರಲಿ, ಮನೆಯವರು ಅಲ್ಲಿಗೆ ಹೋಗಬಹುದು.

[ತೆರೆಯ ಮೇಲೆ: ಮೊದಲ ದಿನ]

ಹತ್ತು ನಿಮಿಷ ಮುಂಚೆ ಹೋಗಿ, ಹೊಸಬರು ಅಂತ ಹೇಳಿ. ಮೀಟಿಂಗ್ ಸಾಮಾನ್ಯವಾಗಿ ಒಂದು ಗಂಟೆಯಿಂದ ಒಂದೂವರೆ ಗಂಟೆ ನಡೆಯುತ್ತೆ. ಮೊದಲು ಏನಾದರೂ ಓದುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ತಮ್ಮ ಅನುಭವ ಹೇಳಿಕೊಳ್ಳುತ್ತಾರೆ. ನಿಮ್ಮ ಸರದಿ ಬಂದಾಗ, "ಇವತ್ತು ನಾನು ಬರೀ ಕೇಳಿಸಿಕೊಳ್ತೀನಿ" ಅಂದರೆ ಸಾಕು, ಯಾರೂ ಬಲವಂತ ಮಾಡಲ್ಲ. ಹೆಸರು ಕೂಡ ಪೂರ್ತಿ ಹೇಳಬೇಕಾಗಿಲ್ಲ.

ಒಬ್ಬರು ಮಾತಾಡುವಾಗ ನಡುವೆ ಯಾರೂ ಪ್ರಶ್ನೆ ಕೇಳಲ್ಲ, ಬುದ್ಧಿ ಹೇಳಲ್ಲ. ಮೊದಲ ಸಲ ಇದು ವಿಚಿತ್ರ ಅನ್ನಿಸಬಹುದು. ಆದರೆ ಮನೆಯಲ್ಲಿ ಬುದ್ಧಿಮಾತು ಕೇಳಿ ಕೇಳಿ ಸುಳ್ಳು ಹೇಳುವುದೇ ಅಭ್ಯಾಸವಾದವರು ನಿಜ ಹೇಳಲು ಶುರು ಮಾಡುವುದು ಇಂಥ ಕಡೆಯೇ. ಇಲ್ಲಿ ಕೇಳಿದ್ದು ಇಲ್ಲೇ ಇರಬೇಕು ಅನ್ನೋದು ಗುಂಪಿನ ಕಟ್ಟುಪಾಡು, ಕಾನೂನಿನ ರಕ್ಷಣೆ ಅಲ್ಲ. ಪೊಲೀಸ್ ಕೇಸು, ಕೋರ್ಟಿನ ವಿಷಯಗಳನ್ನು ವಕೀಲರ ಹತ್ತಿರವೇ ಮಾತಾಡಿ.

[ತೆರೆಯ ಮೇಲೆ: ಎಲ್ಲಿ ಎಡವುತ್ತಾರೆ?]

ಮೀಟಿಂಗ್ ಮುಗಿದ ತಕ್ಷಣ ಹೊರಟುಬಿಡುವುದೇ ದೊಡ್ಡ ತಪ್ಪು. ಆಮೇಲಿನ ಹದಿನೈದು ನಿಮಿಷದಲ್ಲೇ ಪರಿಚಯ ಆಗುವುದು. ಎರಡು ಮೂರು ಫೋನ್ ನಂಬರ್ ತೆಗೆದುಕೊಳ್ಳಿ, ಮಾರನೇ ದಿನವೇ ಒಂದಕ್ಕೆ ಸುಮ್ಮನೆ ಕಾಲ್ ಮಾಡಿ. ಯಾಕೆಂದರೆ ಕುಡಿಯಬೇಕು ಅನ್ನಿಸುವ ಹೊತ್ತಿನಲ್ಲಿ ಒಮ್ಮೆಯೂ ಮಾತಾಡಿಸದವರಿಗೆ ಫೋನ್ ಮಾಡಲು ಕೈ ಏಳಲ್ಲ.

"ಇವರಷ್ಟು ನಾನೆಲ್ಲಿ ಕುಡೀತೀನಿ" ಅನ್ನೋ ಲೆಕ್ಕಾಚಾರ ಇನ್ನೊಂದು. ಪ್ರಮಾಣ ಬಿಡಿ, ನಿಮ್ಮ ಹಾಗೇ ಬಚ್ಚಿಟ್ಟು ಕುಡಿದವರು, ನಾಳೆಯಿಂದ ಬಿಡ್ತೀನಿ ಅಂದವರು ಅಲ್ಲಿದ್ದಾರಾ ನೋಡಿ. ಗುಂಪಿನಿಂದ ಗುಂಪಿಗೆ ವಾತಾವರಣ ತುಂಬಾ ಬೇರೆ ಇರುತ್ತೆ. ಐದಾರು ಬೇರೆ ಬೇರೆ ಮೀಟಿಂಗ್ ನೋಡದೆ ನನಗೆ ಆಗಿಬರಲ್ಲ ಅಂತ ತೀರ್ಮಾನಿಸಬೇಡಿ.

ಎಎಯಲ್ಲಿ ಸ್ಪಾನ್ಸರ್ ಅಂತ ಇರುತ್ತಾರೆ. ಮುಂಚೆಯೇ ಬಿಟ್ಟು, ಹೆಜ್ಜೆಗಳನ್ನು ಮಾಡಿ, ಹೊಸಬರಿಗೆ ದಾರಿ ತೋರಿಸುವವರು. ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು ಸ್ಪಾನ್ಸರ್ ಆಗುವುದು ರೂಢಿ. ಯಾರಾದರೂ ದುಡ್ಡು ಕೇಳಿದರೆ, ಸಲಿಗೆಗೆ ಯತ್ನಿಸಿದರೆ, ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿ ಅಂದರೆ ಗುಂಪು ಬದಲಿಸಿ. ಔಷಧಿಯ ವಿಷಯದಲ್ಲಿ ಸದಸ್ಯರು ಡಾಕ್ಟರ್ ಆಗಬಾರದು ಅಂತ ಎಎಯೇ ಹೇಳುತ್ತೆ.

ನಡುವೆ ಮತ್ತೆ ಕುಡಿದುಬಿಟ್ಟರೆ? ಮುಂದಿನ ಮೀಟಿಂಗ್‌ಗೇ ಹೋಗಿ, ಆದದ್ದನ್ನು ಹೇಳಿ. ಯಾರೂ ಹೊರಗೆ ಹಾಕಲ್ಲ. ಆದರೆ ಕೆಲವು ವಾರ ಬಿಟ್ಟ ದೇಹಕ್ಕೆ ಹಳೆಯ ತಾಳಿಕೆ ಇರಲ್ಲ, ಮೊದಲು ಕುಡಿಯುತ್ತಿದ್ದಷ್ಟೇ ಕುಡಿದರೂ ಪ್ರಜ್ಞೆ ತಪ್ಪಬಹುದು. ಹಾಗಾದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಒಬ್ಬರನ್ನೇ ಬಿಡಬೇಡಿ, ಆಂಬುಲೆನ್ಸ್ ಕರೆಯಿರಿ.